ಹನ್ನೊಂದು ಇಪ್ಪತ್ತರ ಚೀಟಿ

ಸತ್ತವರು ಹತ್ತೊಂಬತ್ತು ಮಂದಿ ಎಂದು ಬರೆದದ್ದು ತಾನೇ ಎನ್ನುವುದು ಬೆಳಗಿನಿಂದ ಮೇಷ್ಟ್ರನ್ನು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಕಾಡುತ್ತಿತ್ತು. ಮೊದಲು ಏಳು ಎಂದೇ ಬರೆದಿದ್ದರು. ಏಳಕ್ಕೆ ಹುಡುಗರು ಕೂತಲ್ಲಿಂದ ಅಲ್ಲಾಡುವುದಿಲ್ಲ ಅನ್ನಿಸಿ, ಏಳನ್ನು ಹೊಡೆದುಹಾಕಿ ಹತ್ತೊಂಬತ್ತು ಮಾಡಿ, ಚಹಾದ ಲೋಟ ಎತ್ತಿ ಒಂದು ಗುಟುಕು ಕುಡಿದಿದ್ದರು. ಪೆನ್ನಿನ ಒಂದು ಗೀಟಿಗೆ ಹನ್ನೆರಡು ಜನ. ಈಗ ಶಾಲೆಯ ಉದ್ದನೆಯ ಹಾಲಿನಲ್ಲಿ, ಬೆಂಚುಗಳನ್ನು ಕುದುರೆಲಾಳದ ಆಕಾರಕ್ಕೆ ಎಳೆದು ಹಾಕಿದ ಜಾಗದಲ್ಲಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಇಪ್ಪತ್ತೆರಡು ಮಕ್ಕಳು ಎದ್ದುನಿಂತು ಆ ಹತ್ತೊಂಬತ್ತು ಜನಕ್ಕಾಗಿ ಒಂದು ನಿಮಿಷ ಮೌನ ಆಚರಿಸಿದರು. ಮೇಷ್ಟ್ರೂ ಎದ್ದು ನಿಂತರು. ನಾನು ಕೊಂದವರಿಗೆ ನಾನೇ ತಲೆ ಬಾಗಿಸಿ ನಿಂತಿದ್ದೇನೆ ಎಂಬ ಯೋಚನೆ ಬಂದು ನಗು ಬರಬೇಕಿತ್ತು, ಬರಲಿಲ್ಲ.

ಪ್ರತಿ ವರ್ಷ ಹತ್ತನೇ ತರಗತಿಯವರಿಗೆ ನಡೆಯುವ ಅಣಕು ಶಾಂತಿಸಭೆ ಇದು. ಒಂದೊಂದು ಬೆಂಚು ಒಂದೊಂದು ದೇಶ. ಹೋದ ವರ್ಷ ನಿಜವಾದ ದೇಶಗಳ ಹೆಸರಿಟ್ಟು, ಸೋತ ದೇಶದ ಹುಡುಗನ ಅಪ್ಪ ಶಾಲೆಯ ಗೇಟಿಗೇ ಬಂದು ಕೂಗಾಡಿದ ಮೇಲೆ, ಈ ಸಲ ಮೇಷ್ಟ್ರೇ ದೇಶಗಳನ್ನು ಕಟ್ಟಿದ್ದರು: ಗುಡ್ಡದೇಶ, ಬಯಲುದೇಶ, ಬಂದರುದೇಶ, ಹೀಗೆ. ಬಯಲುದೇಶದ ಗಡಿಪೇಟೆಯ ಸಂತೆಯಲ್ಲಿ ಬಾಂಬು ಸಿಡಿದಿದೆ. ಸಿಡಿಸಿದ ಮೂವರು ಎಲ್ಲಿಯವರು ಎಂದು ಸಭೆಯಲ್ಲಿ ಯಾರಿಗೂ ಗೊತ್ತಿಲ್ಲ. ಆದರೆ ಗುಡ್ಡದೇಶಕ್ಕೆ ಕೊಟ್ಟ ಗುಟ್ಟಿನ ಲಕೋಟೆಯಲ್ಲಿ, ‘ಆ ಮೂವರು ನಿಮ್ಮ ನೆಲದಲ್ಲೇ ತಯಾರಾದವರು’ ಎಂದಿತ್ತು. ಬಯಲುದೇಶಕ್ಕೆ ಕೊಟ್ಟ ಲಕೋಟೆಯಲ್ಲಿ, ‘ಆ ಮೂವರು ಗುಡ್ಡದೇಶದವರೆಂದು ನಿಮ್ಮ ಬೇಹುಗಾರರು ಖಚಿತಪಡಿಸಿದ್ದಾರೆ’ ಎಂದಿತ್ತು. ಇಬ್ಬರಿಗೂ ಗೊತ್ತು, ಇನ್ನೊಬ್ಬರಿಗೆ ಗೊತ್ತಿರುವುದು ಮಾತ್ರ ಗೊತ್ತಿಲ್ಲ. ಎರಡೂ ಲಕೋಟೆಗೆ ಅಂಟು ಹಚ್ಚಿದವರು ಮೇಷ್ಟ್ರೇ.

ಅವರ ಕೆಲಸ ಮೇಜಿನ ಕೆಲಸ. ಮುಂದೆ ಸಾಲಾಗಿ ತಗಡಿನ ಟ್ರೇಗಳು, ದೇಶಕ್ಕೊಂದು. ಒಂದು ದೇಶ ಇನ್ನೊಂದಕ್ಕೆ ಗುಟ್ಟಾಗಿ ಏನಾದರೂ ಹೇಳಬೇಕಿದ್ದರೆ ಚೀಟಿಯಲ್ಲಿ ಬರೆದು ಮೇಷ್ಟ್ರ ಕೈಗೆ ಕೊಡಬೇಕು. ಅವರು ಓದಿ, ಮೂಲೆಯಲ್ಲಿ ಸಣ್ಣ ಸಹಿ ಹಾಕಿ, ಆ ದೇಶದ ಟ್ರೇಗೆ ಹಾಕಬೇಕು. ಸರಿಯಿಲ್ಲದ ಚೀಟಿಗೆ ಕೆಂಪು ಗೀಟು ಎಳೆದು ಬರೆದವರಿಗೇ ವಾಪಸ್ಸು. ಈ ಏರ್ಪಾಡು ಇಲ್ಲದಿದ್ದರೆ ಶಾಂತಿಸಭೆ ಹೋಗಿ ಪ್ರೇಮಪತ್ರಗಳ ಅಂಚೆಕಚೇರಿ ಆಗುತ್ತದೆ ಎಂದು ಪಕ್ಕದಲ್ಲಿ ಅಂಕಪಟ್ಟಿ ಹಿಡಿದು ಕೂತಿದ್ದ ಇಂಗ್ಲಿಷ್ ಮೇಡಂ ಪ್ರತಿ ವರ್ಷವೂ ಹೇಳುವ ಮಾತು. ಅವತ್ತೂ ಮೊದಲ ಅರ್ಧ ಗಂಟೆಯಲ್ಲಿ ಬಂದದ್ದು ಅಂಥವೇ. ‘ಬಂದರುದೇಶದ ಪ್ರತಿನಿಧಿಗೆ: ನಿಮ್ಮ ಟೈ ವಕ್ರವಾಗಿದೆ, ಅಂತಾರಾಷ್ಟ್ರೀಯ ಮಾನ ಹೋಗುತ್ತಿದೆ.’ ಮೇಷ್ಟ್ರು ಅದಕ್ಕೆ ಸಹಿ ಹಾಕಿ ಕಳಿಸಿದರು. ವಕ್ರವಾಗಿದ್ದುದು ನಿಜವಾಗಿತ್ತು.

ಹನ್ನೊಂದು ಇಪ್ಪತ್ತಕ್ಕೆ ಗುಡ್ಡದೇಶದ ಹುಡುಗಿ ಎದ್ದು ಬಂದಳು. ಪಂಪು ರಿಪೇರಿಯವನ ಮಗಳು. ತರಗತಿಯಲ್ಲಿ ಅವಳಿಗೆ ಇಟ್ಟ ಹೆಸರು ನಿಧಾನಿ. ಪ್ರಶ್ನೆ ಕೇಳಿದರೆ ಉತ್ತರ ಬರುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ ಎಂದು ಹುಡುಗರು ನಗುತ್ತಿದ್ದರು. ಮೇಷ್ಟ್ರಿಗೆ ಮಾತ್ರ ಆ ನಿಧಾನ ಇಷ್ಟ. ಬಾವಿಗೆ ಬಿಟ್ಟ ಕೊಡ ತಳ ಮುಟ್ಟಿ, ತುಂಬಿ, ಮೇಲೆ ಬರುವಷ್ಟು ಹೊತ್ತು ಹಿಡಿಯುತ್ತದೆ. ಆದರೆ ಬಂದಾಗ ತುಂಬಿರುತ್ತದೆ. ಅವಳು ಚೀಟಿಯನ್ನು ಮೇಜಿನ ಮೇಲೆ ಇಟ್ಟು, ಗಡಿಯಾರ ನೋಡಿ, ಮೂಲೆಯಲ್ಲಿ ವೇಳೆ ಬರೆದು ಹೋದಳು. ಬೇರೆ ಯಾರೂ ವೇಳೆ ಬರೆದಿರಲಿಲ್ಲ.

‘ಬಯಲುದೇಶಕ್ಕೆ. ಆ ಮೂವರು ನಮ್ಮ ಕಡೆಯವರೇ. ಇದನ್ನು ನಾವು ಸಭೆಯ ಮುಂದೆಯೂ ಹೇಳುತ್ತೇವೆ. ಸತ್ತವರು ನಿಮ್ಮವರಾದ್ದರಿಂದ ಮೊದಲು ನಿಮಗೆ ಹೇಳಬೇಕು ಅನ್ನಿಸಿತು. ಓದಿದೆವು ಎಂದು ಒಂದು ಮಾತು ಬರೆಯಿರಿ, ಆಮೇಲೆ ಎದ್ದು ನಿಲ್ಲುತ್ತೇವೆ.’

ಮೇಷ್ಟ್ರು ಎರಡು ಸಲ ಓದಿದರು. ಸಹಿ ಹಾಕಲು ಎತ್ತಿದ ಪೆನ್ನು ಅಲ್ಲೇ ನಿಂತಿತು. ನಿಯಮಗಳ ಪುಸ್ತಿಕೆಯ ನಾಲ್ಕನೇ ಪುಟ, ತಾವೇ ಬರೆದದ್ದು: ಯಾವ ಪ್ರತಿನಿಧಿಯೂ ತನ್ನ ದೇಶದ ಘೋಷಿತ ನಿಲುವಿಗೆ ವಿರುದ್ಧವಾಗಿ ನಡೆಯಕೂಡದು. ಗುಡ್ಡದೇಶದ ಘೋಷಿತ ನಿಲುವು ಏನು? ‘ನಮಗೂ ಇದಕ್ಕೂ ಸಂಬಂಧವಿಲ್ಲ.’ ಅದನ್ನು ಬರೆದವರೂ ಅವರೇ. ಯಾವ ದೇಶ ತಾನೇ ಹೀಗೆ ಒಪ್ಪಿಕೊಳ್ಳುತ್ತದೆ? ಹೀಗೆ ಒಪ್ಪಿಕೊಂಡರೆ ಆಟ ಹನ್ನೊಂದೂವರೆಗೇ ಮುಗಿದುಹೋಗುತ್ತದೆ, ಊಟದ ನಂತರದ ಎರಡು ಗಂಟೆ ಏನು ಮಾಡುವುದು? ಕೆಂಪು ಪೆನ್ನು ಎತ್ತಿಕೊಂಡರು. ಅದೂ ಇಳಿಯಲಿಲ್ಲ. ನಮ್ಮ ಕಡೆಯವರೇ. ಮೊದಲು ನಿಮಗೆ ಹೇಳಬೇಕು ಅನ್ನಿಸಿತು. ಈ ಮಾತನ್ನು ಈ ಮೊದಲು ಎಲ್ಲೋ ಕೇಳಿದ ಹಾಗಿತ್ತು; ಎಲ್ಲಿ ಎಂದು ಗೊತ್ತಾಗುವ ಮೊದಲೇ ಕೈ ಚೀಟಿಯನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಬಿಟ್ಟಿತು. ಟ್ರೇಗೂ ಅಲ್ಲ, ವಾಪಸ್ಸೂ ಅಲ್ಲ.

ಮೂವತ್ತನಾಲ್ಕು ವರ್ಷದ ಹಿಂದಿನ ಆ ಬೆಳಿಗ್ಗೆ ಊರಿನ ಕಣದ ನಡುವೆ ಹುಲ್ಲಿನ ಬೂದಿ ಇನ್ನೂ ಬಿಸಿಯಾಗಿತ್ತು. ಹಿಂದಿನ ದಿನ ಮಟಮಟ ಮಧ್ಯಾಹ್ನ ಚಿಕ್ಕಪ್ಪನ ಬಣವೆ ಉರಿದುಹೋಗಿತ್ತು, ಒಂದು ವರ್ಷದ ದನದ ಮೇವು. ಅಣ್ಣತಮ್ಮಂದಿರ ಒಂದೇ ಕಣ, ಎರಡು ಬಣವೆ. ಅಪ್ಪನದಕ್ಕೆ ಒಂದು ಕಿಡಿಯೂ ತಾಗಿರಲಿಲ್ಲ. ಗಾಡಿದಾರಿಯ ವಿಷಯಕ್ಕೆ ಚಿಕ್ಕಪ್ಪನ ಜೊತೆ ಬಾಯಿಗೆ ಬಾಯಿ ಕೊಟ್ಟಿದ್ದ ಸೋದರಮಾವ ಅವತ್ತು ಊಟಕ್ಕೆ ಕೂತಾಗ ಅವನ ಟವೆಲಿನಿಂದ ಸೀಮೆಎಣ್ಣೆಯ ವಾಸನೆ ಬರುತ್ತಿತ್ತು. ಬೆಳಿಗ್ಗೆ ಅಪ್ಪ ಕರೆದ. ಆಗ ಮೇಷ್ಟ್ರು ಇನ್ನೂ ಮೇಷ್ಟ್ರಾಗಿರಲಿಲ್ಲ, ಇಪ್ಪತ್ತೆರಡು ವರ್ಷ, ಪದವಿ ಮುಗಿಸಿ ಊರಿಗೆ ಬಂದು ಕಾಯಿದೆ ಕಾನೂನು ಮಾತಾಡುತ್ತಿದ್ದ ಕಾಲ. ‘ನಿನ್ನ ಚಿಕ್ಕಪ್ಪನ ಹತ್ರ ಹೋಗು. ಬೆಂಕಿ ನಮ್ಮ ಮನೆಯಿಂದಲೇ ಬಂತು ಅಂತ ಹೇಳು. ನಾನೇ ಹೇಳಿ ಕಳಿಸಿದೆ ಅನ್ನು. ಊರೋರು ಹೇಳೋಕೆ ಮೊದಲು ನಾನು ಹೇಳ್ಬೇಕು. ನನ್ನ ಬಣವೇಲಿ ಅರ್ಧ ಅವನದು. ಬಂದು ಎತ್ಕೊಂಡು ಹೋಗ್ಲಿ.’ ಅಷ್ಟು ಹೇಳಿ ಅಪ್ಪ ಮೊಣಕಾಲ ಮೇಲೆ ಕೈಯೂರಿ ಎದ್ದು ದನದ ಕೊಟ್ಟಿಗೆಗೆ ಹೋದ. ಅಳುವುದಕ್ಕಿರಬೇಕು, ಅಥವಾ ದನಕ್ಕೆ ನೀರಿಡುವುದಕ್ಕೇ ಇರಬೇಕು.

“ನಿಮ್ಮ ನಿಧಾನಿ ಬಾಯೇ ಬಿಡ್ತಿಲ್ಲವಲ್ಲ ಮೇಷ್ಟ್ರೇ,” ಎಂದರು ಮೇಡಂ, ಅಂಕಪಟ್ಟಿಯ ಮೇಲೆ ಪೆನ್ಸಿಲ್ ಕುಟ್ಟುತ್ತ. “ಗುಡ್ಡದೇಶದ ಕಾಲಂ ಖಾಲಿ ಬಿದ್ದಿದೆ. ಸೊನ್ನೆ ಹಾಕ್ಲಾ?”

“ಇರಿ, ಮಾತಾಡ್ತಾಳೆ.”

“ಯಾವಾಗ, ನಾವು ರಿಟೈರ್ ಆದ್ಮೇಲಾ?”

ಹುಡುಗಿ ಕೂತಲ್ಲಿಂದ ಬಯಲುದೇಶದ ಟ್ರೇಯನ್ನು ನೋಡುತ್ತಿದ್ದಳು. ಬಯಲುದೇಶದ ಪ್ರತಿನಿಧಿ ಡಾಕ್ಟರ ಮಗ. ಯಾವುದಕ್ಕೂ ವಾದ ಹೂಡುತ್ತಾನೆಂದು ಅವನನ್ನು ಎಲ್ಲರೂ ವಕೀಲ ಎನ್ನುತ್ತಿದ್ದರು. ಅವನು ಆಗಾಗ ಎದ್ದು ಬಂದು ಟ್ರೇಯಲ್ಲಿದ್ದ ಚೀಟಿಗಳನ್ನು ಬಾಚಿಕೊಂಡು ಹೋಗಿ ಓದುತ್ತಿದ್ದ. ಪ್ರತಿ ಸಲ ಅವನು ಓದಿ ಮುಗಿಸುವವರೆಗೂ ಅವಳು ಅವನ ಮುಖ ನೋಡುವಳು. ಅವನು ತನ್ನತ್ತ ನೋಡದೆ ಚೀಟಿಗಳನ್ನು ಮಗುಚಿ ಇಟ್ಟಾಗ ಕಣ್ಣು ತಗ್ಗಿಸುವಳು. ಅವಳು ಏನೆಂದುಕೊಂಡಿರಬಹುದು? ಓದಿಯೂ ಓದದವನಂತೆ ಕೂತಿದ್ದಾನೆ ಎಂದು. ಮೇಷ್ಟ್ರ ಜೇಬಿನೊಳಗೆ ಆ ಕಾಗದ ಎದೆಗೆ ಒತ್ತುತ್ತಿತ್ತು. ಈಗಲೂ ತೆಗೆದು ಹಾಕಬಹುದು, ಬರೀ ಹದಿನೈದು ನಿಮಿಷ ತಡ. ತೆಗೆದರೆ ಮೇಡಂ ನೋಡುತ್ತಾರೆ, ಇಷ್ಟು ಹೊತ್ತು ಜೇಬಿನಲ್ಲೇಕಿತ್ತು ಎನ್ನುತ್ತಾರೆ. ಇಪ್ಪತ್ತು ನಿಮಿಷ ಆಯಿತು. ತಡವಾದಷ್ಟೂ ತೆಗೆಯುವುದು ಕಷ್ಟವಾಗುತ್ತ ಹೋಗುತ್ತದೆ ಎನ್ನುವುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಹಾಲಿನಲ್ಲಿ ಯಾರೂ ಇರಲಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ವಕೀಲ ಎದ್ದ. ಚೆನ್ನಾಗಿಯೇ ಮಾತಾಡಿದ. ಎರಡು ದೇಶಗಳ ನಡುವಿನ ಹೊಳೆಯ ಸೇತುವೆ ಈ ಕ್ಷಣದಿಂದ ಬಂದ್. ಗಡಿಗೆ ಎರಡು ದಳ. ಗುಡ್ಡದೇಶವನ್ನು ಈ ಸಭೆಯಿಂದ ಹೊರಗೆ ಹಾಕಬೇಕೆಂಬ ನಿರ್ಣಯ, ಹನ್ನೆರಡೂವರೆಗೆ ಮತ. “ಹತ್ತೊಂಬತ್ತು ಹೆಣ ನಮ್ಮ ಅಂಗಳದಲ್ಲಿವೆ. ಪಕ್ಕದ ಮನೆಯವರು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದಾರೆ!” ಎಂದಾಗ ಮಕ್ಕಳು ಬೆಂಚು ಕುಟ್ಟಿದರು. ಎಲ್ಲರೂ ನಿಧಾನಿಯತ್ತ ತಿರುಗಿದರು. ಅವಳು ಎದ್ದಳು. ಮೇಷ್ಟ್ರಿಗೆ ಗೊತ್ತಿತ್ತು: ಈಗ ಅವಳು ಎಲ್ಲವನ್ನೂ ಹೇಳಿಬಿಡಬಹುದು, ಹೇಳಿ ಗೆಲ್ಲಬಹುದು. ನಾನು ಆಗಲೇ ಬರೆದಿದ್ದೆ, ಇವರೇ ಓದಲಿಲ್ಲ ಎಂದು ವಕೀಲನ ಮುಖಕ್ಕೇ ಎಸೆಯಬಹುದು. ಅವಳು ಒಂದು ಕ್ಷಣ ನಿಂತು, “ಗುಡ್ಡದೇಶ ಒಂದು ಉತ್ತರಕ್ಕೆ ಕಾಯ್ತಾ ಇದೆ. ಅದು ಬರೋವರೆಗೂ ನಾವು ಮಾತಾಡೋದು ಸರಿಯಲ್ಲ,” ಎಂದು ಕೂತಳು. ಹಿಂದಿನಿಂದ ಯಾರೋ, “ಬಸ್ ಬರೋವರೆಗೂ ಅನ್ನು!” ಎಂದರು. ಸಭೆ ಗೊಳ್ಳೆಂದಿತು. ಅವಳ ಕಿವಿ ಕೆಂಪಾಯಿತು. ಆದರೂ ಬಾಯಿ ಬಿಡಲಿಲ್ಲ. ಮೊದಲು ನಿಮಗೆ ಎಂದು ಬರೆದುಕೊಟ್ಟಿದ್ದಳಲ್ಲ, ಅದಕ್ಕೆ. ಹದಿನೈದು ವರ್ಷದ ಹುಡುಗಿ, ಆಟದ ದೇಶ, ಕಾಗದದ ಹೆಣಗಳು. ಆದರೂ ಕೊಟ್ಟ ಮಾತು ಮಾತ್ರ ಆಟದ್ದಲ್ಲ ಎಂದು ಕೂತಿದ್ದಾಳೆ. ಮೂವತ್ತು ವರ್ಷ ಪಾಠ ಹೇಳಿದ ಮೇಷ್ಟ್ರಿಗೆ ತನ್ನ ವಿದ್ಯಾರ್ಥಿಯ ಮುಂದೆ ತಾನು ಕುರ್ಚಿಯಲ್ಲಿ ಕೂತಿರುವುದು ತಪ್ಪು ಅನ್ನಿಸಿತು.

ಅವತ್ತು ಚಿಕ್ಕಪ್ಪ ತನ್ನ ಮನೆಯ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದ. ಅಂಗಿಯಿಲ್ಲ, ಎದೆಯ ಕೂದಲ ಮೇಲೆ ಬೂದಿ. ದಾರಿಯುದ್ದಕ್ಕೂ ಇಪ್ಪತ್ತೆರಡು ವರ್ಷದ ತಲೆ ಲೆಕ್ಕ ಹಾಕಿತ್ತು: ಅಪ್ಪನಿಗೆ ಗೊತ್ತಾಗುವುದಿಲ್ಲ, ಇದು ತಪ್ಪೊಪ್ಪಿಗೆ, ನಾಳೆ ಪೊಲೀಸು, ಮಾವನಿಗೆ ಜೈಲು, ಅಮ್ಮನ ಗತಿ? ಅಪ್ಪ ಹೀಗೆ ತಮ್ಮನ ಮುಂದೆ ಬಗ್ಗುವುದೇ? ಹೇಳಿದ್ದು ಒಂದೇ ಮಾತು: “ಅಪ್ಪ ಬರೋಕೆ ಹೇಳ್ದ.” ಚಿಕ್ಕಪ್ಪ ಅವನ ಮುಖವನ್ನೇ ನೋಡಿದ. “ಅಷ್ಟೇನಾ?” ಎಂದ. “ಹೂಂ.” ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಬೇರೆ ಏನೂ ಹೇಳ್ಲಿಲ್ವಾ ನಿಮ್ಮಪ್ಪ? ಅಷ್ಟೇನಾ?” ಎಂದ. “ಅಷ್ಟೇ.” ಚಿಕ್ಕಪ್ಪ ಬರಲಿಲ್ಲ. ಆ ತಿಂಗಳೇ ಕಣದ ನಡುವೆ ಗೋಡೆ ಎದ್ದಿತು. ಅರ್ಧ ಕಣದಲ್ಲಿ ಎತ್ತು ತಿರುಗುವುದಿಲ್ಲ. ಎರಡೂ ಮನೆಯವರು ಬೇರೆಯವರ ಕಣಕ್ಕೆ ತೆನೆ ಹೊತ್ತರು. ಅಪ್ಪ ಹನ್ನೊಂದು ವರ್ಷ ಬದುಕಿದ್ದ. ಊಟಕ್ಕೆ ಕೂತಾಗ ಯಾವಾಗಲಾದರೊಮ್ಮೆ, ಯಾರನ್ನೂ ನೋಡದೆ, “ಅಷ್ಟು ಹೇಳಿ ಕಳಿಸಿದ್ರೂ ಬರ್ಲಿಲ್ವಲ್ಲ ಅವನು,” ಎನ್ನುತ್ತಿದ್ದ. ಮಗ ತಟ್ಟೆ ನೋಡುತ್ತಿದ್ದ.

“ಮತಕ್ಕೆ ಹಾಕೋಣ್ವಾ?” ಎಂದರು ಮೇಡಂ. ಹನ್ನೆರಡೂವರೆ.

ಮೇಷ್ಟ್ರು ಎದ್ದರು. ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೇ ಸಭೆ ಸುಮ್ಮನಾಯಿತು. “ಒಂದು ನಿಮಿಷ. ನನ್ನ ಕಡೆಯಿಂದ ಒಂದು ತಪ್ಪಾಗಿದೆ.” ಜೇಬಿಗೆ ಕೈ ಹಾಕಿದರು. ಮೊದಲು ಬಸ್ಸಿನ ಟಿಕೆಟ್ ಬಂತು, ಆಮೇಲೆ ಚೀಟಿ. “ಗುಡ್ಡದೇಶ ಬಯಲುದೇಶಕ್ಕೆ ಒಂದು ಚೀಟಿ ಕೊಟ್ಟಿತ್ತು. ನಾನು ಅದನ್ನ ತಡೆದೆ. ವಾಪಸ್ಸೂ ಕೊಡಲಿಲ್ಲ. ಯಾಕೆ ಅಂದ್ರೆ... ನಿಯಮ ಅಂದ್ಕೊಂಡೆ. ನಿಯಮ ಅಲ್ಲ, ಹೆದರಿಕೆ.” ಇಪ್ಪತ್ತೆರಡು ಮುಖಗಳು. ಮೇಡಂ ಪೆನ್ಸಿಲ್ ಕೆಳಗಿಟ್ಟಿದ್ದರು. ವಕೀಲನೇ ಮೊದಲು ನಕ್ಕದ್ದು: “ಸಾರ್, ಹಂಗಾದ್ರೆ ಬಿಕ್ಕಟ್ಟು ನೀವೇನಾ!” ಎಲ್ಲರೂ ನಕ್ಕರು. ಮೇಷ್ಟ್ರು ತಾವೇ ನಡೆದುಹೋಗಿ ಚೀಟಿಯನ್ನು ಅವನ ಕೈಗೆ ಕೊಟ್ಟರು. ಮೇಜಿನಿಂದ ಆ ಬೆಂಚಿಗೆ ಹತ್ತು ಹೆಜ್ಜೆ. ಅವರು ನೋಡಿದ್ದು ಹುಡುಗಿಯನ್ನಲ್ಲ, ನೆಲವನ್ನು.

ವಕೀಲ ಓದಿದ. ನಗು ನಿಂತಿತು. ಪಕ್ಕದವಳಿಗೆ ತೋರಿಸಿದ, ಇಬ್ಬರೂ ಪಿಸುಗುಟ್ಟಿದರು. ಎದ್ದುನಿಂತಾಗ ಅವನ ದನಿಯಲ್ಲಿ ವಾದವಿರಲಿಲ್ಲ. “ನಮಗೆ ಗೊತ್ತಿತ್ತು,” ಎಂದ. “ನಮ್ ಲಕೋಟೆಲೇ ಇತ್ತು, ಅವರು ನಿಮ್ಮವರೇ ಅಂತ. ನೀವಾಗಿ ಹೇಳ್ತೀರಾ ಇಲ್ವಾ ಅಂತ ಕಾಯ್ತಿದ್ವಿ, ಅಷ್ಟೇ. ಹೇಳಿದ್ರೆ ಸೇತುವೆ ಮುಚ್ಚಬಾರದು ಅಂತ ಬೆಳಿಗ್ಗೇನೇ ತೀರ್ಮಾನ ಮಾಡಿದ್ವಿ.”

ಮೇಷ್ಟ್ರು ಹತ್ತು ಹೆಜ್ಜೆಯಲ್ಲಿ ಐದನ್ನು ವಾಪಸ್ಸು ನಡೆದಿದ್ದರು. ಅಲ್ಲೇ ನಿಂತರು. ಎರಡೂ ಲಕೋಟೆಗೆ ಅಂಟು ಹಚ್ಚಿದ್ದು ತಾವೇ. ಗೊತ್ತಿದ್ದವನು ಕಾಯುತ್ತಾನೆ ಎಂಬುದು ಮಾತ್ರ ತಲೆಗೆ ಹೊಳೆದಿರಲಿಲ್ಲ. ಜಗಲಿಯ ಕಂಬಕ್ಕೆ ಒರಗಿ ಚಿಕ್ಕಪ್ಪ ಎರಡು ಸಲ ಕೇಳಿದ್ದು. ಸೀಮೆಎಣ್ಣೆಯ ವಾಸನೆ ಒಂದೇ ಮನೆಗೆ ಬರುತ್ತದೆಯೇ? ಅವನಿಗೆ ಬೇಕಿದ್ದದ್ದು ಹುಲ್ಲಲ್ಲ, ಬೆಂಕಿ ಇಟ್ಟವನ ಹೆಸರೂ ಅಲ್ಲ. ಅಷ್ಟೇನಾ? ಮೂವತ್ತನಾಲ್ಕು ವರ್ಷ ಆ ಪ್ರಶ್ನೆಯನ್ನು ಅವರು ಸಿಟ್ಟು ಎಂದುಕೊಂಡಿದ್ದರು.

ಹಿಂದೆ ವಾದ ಶುರುವಾಗಿತ್ತು. ಬಂದರುದೇಶದವನು ಎದ್ದು, ಚೀಟಿ ತಲುಪಿದ್ದು ಹನ್ನೆರಡೂವರೆಗೆ, ಸೇತುವೆ ಮುಚ್ಚಿದ ಮೇಲೆ, ಆದ್ದರಿಂದ ಗುಡ್ಡದೇಶ ಹೆದರಿ ಒಪ್ಪಿಕೊಂಡಿತು ಅಂತಲೇ ದಾಖಲಾಗಬೇಕು ಎಂದ. ವಕೀಲ ಏನೋ ಹೇಳಲು ಹೋದ. ಅಷ್ಟರಲ್ಲಿ ನಿಧಾನಿ ಎದ್ದಿದ್ದಳು. ಯಾವಾಗಲಿನಂತೆ ಕೊಡ ತಳ ಮುಟ್ಟಿ, ತುಂಬಿ, ಮೇಲೆ ಬಂತು. “ತಲುಪಿದ್ದು ಈಗ. ಹೇಳಿದ್ದು ಹನ್ನೊಂದು ಇಪ್ಪತ್ತಕ್ಕೆ. ಮೂಲೇಲಿ ವೇಳೆ ಬರ್ದಿದೀನಿ, ನೋಡಿ. ದಾರೀಲಿ ತಡ ಆಗಿದ್ದು ನಮ್ಮ ತಪ್ಪೂ ಅಲ್ಲ, ಅವರ ತಪ್ಪೂ ಅಲ್ಲ. ತಲುಪಿಸೋರು ಈಗ್ಲಾದ್ರೂ ತಲುಪಿಸಿದ್ರಲ್ಲ, ಅದನ್ನೂ ಬರ್ಕೊಳ್ಳಿ. ಆದ್ರೆ ನಾವು ಹೇಳಿದ್ದು ಹನ್ನೊಂದು ಇಪ್ಪತ್ತಕ್ಕೆ. ಹಂಗೇ ದಾಖಲಾಗ್ಬೇಕು.” ವಕೀಲ ಅವಳನ್ನೇ ನೋಡಿ, “ಬಯಲುದೇಶ ಒಪ್ಪುತ್ತೆ,” ಎಂದ. ಮೇಡಂ ಅಂಕಪಟ್ಟಿಯ ಖಾಲಿ ಕಾಲಂನಲ್ಲಿ ಏನೋ ಬರೆದರು, ಬರೆದು ಅದರ ಮೇಲೆ ಇನ್ನೊಂದು ಸಲ ಒತ್ತಿ ಬರೆದರು. ಹುಡುಗಿ ಸಭೆಯ ಕಡೆ ತಿರುಗಿ, ಅವಸರವಿಲ್ಲದೆ, ಆ ಮೂವರು ನಮ್ಮವರು ಎಂದು ಹೇಳತೊಡಗಿದಳು. ಅಷ್ಟು ದೊಡ್ಡ ಮಾತನ್ನು ಅಷ್ಟು ಸಣ್ಣ ದನಿಯಲ್ಲಿ ಹೇಳಬಹುದೆಂದು ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಊಟದ ಗಂಟೆ ಹೊಡೆದಾಗ ಅವರು ಕಾರಿಡಾರಿನ ಕೊನೆಗೆ, ಕೈ ತೊಳೆಯುವ ನಲ್ಲಿಗಳ ಹತ್ತಿರ ಹೋಗಿ ಫೋನು ತೆಗೆದರು. ಚಿಕ್ಕಪ್ಪನ ಜೊತೆ ಮಾತಿಲ್ಲವೆಂದೇನೂ ಅಲ್ಲ. ಮದುವೆಮನೆಗಳಲ್ಲಿ ಸಿಕ್ಕರೆ ಮಂಡಿನೋವು, ಬೆಳೆ, ಬಸ್ಸಿನ ವಿಷಯ ಮಾತಾಡುತ್ತಾರೆ. ಫೋನು ಎತ್ತಿದ್ದು ಚಿಕ್ಕಪ್ಪನ ಸೊಸೆ.

“ಏನು ಭಾವ, ಈ ಹೊತ್ನಲ್ಲಿ? ಎಲ್ಲಾ ಹುಷಾರಾ?”

“ಹುಷಾರು. ಚಿಕ್ಕಪ್ಪಂಗೆ ಕೊಡಮ್ಮ.”

“ಕೊಡ್ತೀನಿ, ಆದ್ರೆ ಜೋರಾಗಿ ಮಾತಾಡಿ. ಈಗ ಸಿಡಿಲು ಹೊಡೆದ್ರೂ ಯಾರಪ್ಪಾ ಬಾಗಿಲು ತಟ್ಟಿದ್ದು ಅಂತಾರೆ.”

ಉಸಿರಾಟ ಕೇಳಿಸಿತು, ಆಮೇಲೆ ಒಣಗಿದ ದನಿ: “ಯಾರು?”

“ನಾನು ಚಿಕ್ಕಪ್ಪ. ಅಪ್ಪ ಒಂದು ಮಾತು ಹೇಳಿ ಕಳಿಸಿದ್ದ. ನಾನು ನಿಂಗೆ ಪೂರ್ತಿ ಹೇಳ್ಲಿಲ್ಲ.”

“ಆಂ? ಏನು ಬಿತ್ತು?”

“ಬೀಳ್ಲಿಲ್ಲ! ಹೇಳ್ಲಿಲ್ಲ ಅಂದೆ!” ಮಕ್ಕಳು ಊಟದ ಡಬ್ಬಿ ಹಿಡಿದು ನಲ್ಲಿಯತ್ತ ಬರುತ್ತಿದ್ದರು. ಮೇಷ್ಟ್ರು ಗೋಡೆಗೆ ತಿರುಗಿದರು. ಪ್ರಯೋಜನವಿರಲಿಲ್ಲ, ಪಿಸುಮಾತಿನಲ್ಲಿ ಹೇಳಬೇಕೆಂದು ಮೂವತ್ತನಾಲ್ಕು ವರ್ಷ ಮನಸ್ಸಿನಲ್ಲೇ ತಿದ್ದಿ ತೀಡಿದ ಮಾತನ್ನು ಈಗ ಸಂತೆಯಲ್ಲಿ ಕೂಗುವವನ ಹಾಗೆ ಕೂಗಬೇಕಿತ್ತು. ಕೂಗಿದರು. “ಬೆಂಕಿ ನಮ್ಮ ಮನೆಯಿಂದ ಬಂತು! ಬಣವೆಗೆ ಬೆಂಕಿ ಇಟ್ಟೋರು ನಮ್ಮೋರೇ! ಅದನ್ನೇ ಹೇಳು ಅಂದಿದ್ದ ಅಪ್ಪ!”

ಕಾರಿಡಾರಿನಲ್ಲಿ ಯಾರೋ, “ಏ, ಹೊಸ ಬಿಕ್ಕಟ್ಟು ಕಣ್ರೋ! ಈ ಸಲ ಬಣವೆ!” ಎಂದು ಕೂಗಿದರು, ನಾಲ್ಕಾರು ಮಕ್ಕಳು ನೋಟ್‌ಬುಕ್ಕು ತೆಗೆದು ಓಡಿಬಂದರು. ಗುಂಪಿನ ಮುಂದೆ ಇದ್ದ ನಿಧಾನಿ ಮೇಷ್ಟ್ರ ಬೆನ್ನನ್ನೂ ಗೋಡೆಗೆ ಊರಿದ ಅವರ ಕೈಯನ್ನೂ ನೋಡಿದಳು. ಏನು ಕಂಡಳೋ, ಎರಡೂ ತೋಳು ಚಾಚಿ ಹಿಂದಿನವರನ್ನು ತಡೆದಳು. “ಇದು ಅದಲ್ಲ,” ಎಂದಳು. ವಕೀಲ ಏನೋ ಕೇಳಲು ಬಾಯಿ ತೆರೆದವನು ಮುಚ್ಚಿದ. ತೆರೆದಿದ್ದ ನಲ್ಲಿಯನ್ನು ಅವಳೇ ತಿರುಗಿಸಿ ನಿಲ್ಲಿಸಿದಳು, ಸದ್ದಾಗದಿರಲೆಂದು.

ಫೋನಿನ ಆ ಕಡೆಯಿಂದ ಚಿಕ್ಕಪ್ಪ ಕೇಳಿದ, ಅದೇ ದನಿಯಲ್ಲಿ, ಕಂಬಕ್ಕೆ ಒರಗಿದವನ ಹಾಗೆ: “ಅಷ್ಟೇನಾ?”

“ಅಷ್ಟೇ ಅಲ್ಲ ಚಿಕ್ಕಪ್ಪ! ಬಣವೇಲಿ ಅರ್ಧ ನಿಂದು ಅಂದ. ಬಂದು ಎತ್ಕೊಂಡು ಹೋಗ್ಲಿ ಅಂದ. ಊರೋರು ಹೇಳೋಕೆ ಮೊದಲು ನಾನೇ ಹೇಳ್ಬೇಕು ಅಂದ!”

“ಯಾವಾಗ? ಯಾವಾಗ ಕಣೋ ಹೇಳಿದ್ದು ಅಣ್ಣ? ಸಾಯೋವಾಗ್ಲಾ?”

ಮೇಷ್ಟ್ರು ಫೋನನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದರು.

“ಅಲ್ಲ ಚಿಕ್ಕಪ್ಪ. ಅವತ್ತೇ. ಬೂದಿ ಆರೋಕೆ ಮುಂಚೆನೇ.”